ಮಿಷನ್ ನಿಂತ ಹೊತ್ತನ್ನು ಲೆಕ್ಕ ಹಾಕಿ

ಪುಸ್ತಕ ಅಚ್ಚು ಮಾಡುವ ಕಡೆ ಕೆಲಸ ತಡವಾದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ಮಿಷನ್ ಸ್ಪೀಡ್ ಜಾಸ್ತಿ ಮಾಡಿ. ನಾನೂ ಎಷ್ಟೋ ವರ್ಷ ಹಾಗೇ ಹೇಳುತ್ತಿದ್ದೆ. ಒಂದು ದಿನ ಆಫ್‌ಸೆಟ್ ಮಿಷನ್ ಪಕ್ಕ ಇಡೀ ಶಿಫ್ಟ್ ಗಡಿಯಾರ ನೋಡುತ್ತಾ ನಿಂತೆ. ಅವತ್ತಿಗೆ ಆ ಮಾತು ಬಿಟ್ಟೆ.

ಲೆಕ್ಕ ನೋಡಿ. 320 ಪುಟದ, ಒಂದೇ ಬಣ್ಣದ ಪುಸ್ತಕ, 3,000 ಪ್ರತಿ. 16 ಪುಟಕ್ಕೊಂದು ಫಾರಂ (ಎರಡೂ ಮಗ್ಗುಲು ಅಚ್ಚಾದ ಮೇಲೆ ಮಡಿಸುವ ಒಂದು ದೊಡ್ಡ ಹಾಳೆ) ಅಂದರೆ 20 ಫಾರಂ, ಹಾಳೆಯ ಎರಡೂ ಮಗ್ಗುಲು ಸೇರಿ 40 ಪ್ಲೇಟ್ (ಪುಟಗಳನ್ನು ಮೂಡಿಸಿರುವ ಲೋಹದ ತಗಡು). ಗಂಟೆಗೆ 10,000 ಹಾಳೆ ಓಡಿದರೆ ಒಂದು ಮಗ್ಗುಲಿಗೆ 18 ನಿಮಿಷ ಸಾಕು. ಆದರೆ ಪ್ಲೇಟ್ ಬದಲಿಸಿ, ರಿಜಿಸ್ಟರ್ ಕೂರಿಸಿ (ಅಂದರೆ ಅಚ್ಚು ಹಾಳೆಯ ಮೇಲೆ ಸರಿಯಾದ ಜಾಗಕ್ಕೇ ಬೀಳುವಂತೆ ಹೊಂದಿಸಿ), ಇಂಕು ನೀರು ಎರಡನ್ನೂ ಹದಕ್ಕೆ ತರಲು ಪ್ರತಿ ಸಲ 20 ನಿಮಿಷ ಹಿಡಿಯಿತು ಅನ್ನಿ. ಅಚ್ಚಿಗೆ ಒಟ್ಟು 720 ನಿಮಿಷ, ತಯಾರಿಗೆ 800! ಸ್ಪೀಡನ್ನು 12,000ಕ್ಕೆ ಏರಿಸಿದರೆ ಉಳಿಯುವುದು 120 ನಿಮಿಷ. ತಯಾರಿಯನ್ನು 12 ನಿಮಿಷಕ್ಕೆ ಇಳಿಸಿದರೆ 320 ನಿಮಿಷ ಉಳಿಯುತ್ತದೆ.

ಆ 20 ನಿಮಿಷದಲ್ಲಿ ಏನಾಗುತ್ತಿತ್ತು ಗೊತ್ತಾ? ಆಪರೇಟರ್ ಮಿಷನ್ ನಿಲ್ಲಿಸಿ, ಆಮೇಲೆ ಪ್ಲೇಟ್ ತರಲು ಹೋದರು. ಪ್ಲೇಟ್ ಬಂತು, ಅಂಚು ಬಗ್ಗಿಸಿರಲಿಲ್ಲ. ಬಗ್ಗಿಸಿ ತಂದರೆ ಕ್ಲ್ಯಾಂಪ್ ಬಿಗಿಯುವ ಸ್ಪ್ಯಾನರ್ ಪಕ್ಕದ ಮಿಷನ್‌ನವರ ಹತ್ತಿರ ಇತ್ತು. ಅವರದೇನೂ ತಪ್ಪಿಲ್ಲ, ಕೆಲಸವನ್ನು ಹಾಗೆ ಜೋಡಿಸಿದ್ದು ನಾವು. ಹಿಂದಿನ ಫಾರಂ ಓಡುತ್ತಿರುವಾಗಲೇ ಮುಂದಿನ ಪ್ಲೇಟ್, ಕಾಗದ, ಸ್ಪ್ಯಾನರ್ ಎಲ್ಲಾ ಮಿಷನ್ ಪಕ್ಕ ಬಂದು ಕೂತಿರಬೇಕು, ಅಷ್ಟೇ. ಜಪಾನಿನ ಎಂಜಿನಿಯರ್ ಶಿಗಿಯೋ ಶಿಂಗೋ ಟೊಯೋಟಾ ಕಾರು ಕಾರ್ಖಾನೆಯಲ್ಲಿ ಮಾಡಿಸಿದ್ದೂ ಇದನ್ನೇ. 1969ರಲ್ಲಿ ಅಲ್ಲಿ ಲೋಹದ ತಗಡು ಒತ್ತುವ 1,000 ಟನ್ ಪ್ರೆಸ್‌ನ ಡೈ (ಆಕಾರ ಕೊಡುವ ಅಚ್ಚು) ಬದಲಿಸಲು 4 ಗಂಟೆ ಹಿಡಿಯುತ್ತಿತ್ತು, ಅದನ್ನು ಮೊದಲು 90 ನಿಮಿಷಕ್ಕೆ, ಕೊನೆಗೆ 3 ನಿಮಿಷಕ್ಕೆ ಇಳಿಸಿದರು.

ಇನ್ನೊಂದು ವಿಷಯ ವೇಸ್ಟೇಜ್, ಅಂದರೆ ಕೆಲಸದಲ್ಲಿ ಕೆಡುವ ಹಾಳೆ. ಕಾಗದ ಉಳಿಸಬೇಕು ಅಂತ ಅದಕ್ಕಾಗಿ ಕೊಡುವ ಹೆಚ್ಚುವರಿ ಹಾಳೆಯನ್ನು ತೀರಾ ಬಿಗಿ ಹಿಡಿಯಬೇಡಿ. 19 ಫಾರಂ 3,050ರಂತೆ ಇದ್ದು ಒಂದೇ ಒಂದು 2,870ಕ್ಕೆ ನಿಂತರೆ ನಿಮ್ಮ ಕೈಗೆ ಬರುವುದು 2,870 ಪುಸ್ತಕ, ಉಳಿದ ಹಾಳೆಯೆಲ್ಲಾ ಸುಮ್ನೆ ಗೋಡೌನ್ ಸೇರುತ್ತದೆ. ಆ ಒಂದು ಫಾರಂಗಾಗಿ ಮತ್ತೆ ಪ್ಲೇಟ್ ಹಾಕಿ, ಮತ್ತೆ ರಿಜಿಸ್ಟರ್ ಕೂರಿಸಬೇಕು, ಅಲ್ವಾ?

ಬೈಂಡಿಂಗ್‌ನಲ್ಲಿ ಬೆನ್ನಿನ ಕಪ್ಪು ಗುರುತನ್ನು ಕಡೆಗಣಿಸಬೇಡಿ. ಪ್ರತಿ ಫಾರಂನ ಮಡಿಕೆಯ ಮೇಲೆ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಾ ಹಾಕಿರುತ್ತಾರಲ್ಲ, ಅದು. ಜೋಡಿಸಿದಾಗ ಮೆಟ್ಟಿಲಿನಂತೆ ಕಾಣಬೇಕು. ಮೆಟ್ಟಿಲು ತಪ್ಪಿತು ಅಂದರೆ ಫಾರಂ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ. ಅಂಟು ಹಾಕುವ ಮೊದಲು ಕಂಡರೆ ಅರ್ಧ ನಿಮಿಷದ ಕೆಲಸ, ಆಮೇಲೆ ಕಂಡರೆ ಆ ಪ್ರತಿ ಹೋಯಿತು.

ಈಗ ನಮ್ಮ ಲಾಗ್ ಬುಕ್‌ನಲ್ಲಿ ಎಷ್ಟು ಹಾಳೆ ಓಡಿತು ಅನ್ನುವುದರ ಪಕ್ಕ ಇನ್ನೊಂದು ಕಾಲಂ ಇದೆ: ಮಿಷನ್ ಯಾಕೆ ನಿಂತಿತು. ಮೊದಲ ವಾರ ಅದರಲ್ಲಿ ಜಾಸ್ತಿ ಸಲ ಬರೆದಿದ್ದು "ಪ್ಲೇಟ್ ಬಂದಿಲ್ಲ" ಅಂತ.