ಕೆರೆ ನಮ್ಮದು, ಕೀಲಿ ಬೇರೆಯವರದು

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಪಂಚಾಯಿತಿ ಸದಸ್ಯೆಯಾದ ಮೇಲೆ ನನ್ನನ್ನು ಬಿಡದೆ ಕಾಡುತ್ತಿರುವುದು ನಮ್ಮೂರ ಕೆರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ, ಮೀನುಗಾರಿಕೆ ಸೇರಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಕೊಡುವುದು, ಬಿಡುವುದು ಮಾತ್ರ ರಾಜ್ಯದ ಇಚ್ಛೆ.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ನಮ್ಮ ಕೆರೆ ಪಂಚಾಯಿತಿ ವ್ಯಾಪ್ತಿಗೇ ಬರುತ್ತದೆ. ತೂಬಿನ ತಿರುಪು ತುಕ್ಕು ಹಿಡಿದಿದೆ. ಕದದ ಅಡಿಯಿಂದ ಹಗಲೂ ರಾತ್ರಿ ನೀರು ಸೋರಿ ಕೆಳಗಿನ ಕರಿಮಣ್ಣಿನಲ್ಲಿ ಕಡಲೆಯ ಬೇರು ಕೊಳೆಯುತ್ತದೆ. ಬೇಸಿಗೆಗೆ ಮೊದಲೇ ಕೆರೆಯಂಗಳ ಬಿರುಕು ಬಿಡುತ್ತದೆ. ದುರಸ್ತಿಯ ಅಂದಾಜು ಪಟ್ಟಿಗೆ ಮೇಲಿನ ಕಚೇರಿಯ ಸಹಿ ಬೇಕು. ಹೊಣೆ ಕೊಟ್ಟು ಹಣ ಕೊಡದಿರುವುದು ಅಧಿಕಾರ ವಿಕೇಂದ್ರೀಕರಣವಲ್ಲ, ನುಣುಚಿಕೊಳ್ಳುವಿಕೆ.

ನೇಪಾಳದ 1993ರ ಅರಣ್ಯ ಕಾಯ್ದೆ, ಕಾಡನ್ನು ಬಳಸುವ ಊರವರ ಗುಂಪುಗಳಿಗೆ ಕಾಡಿನ ನಿರ್ವಹಣೆಯ ಜೊತೆಗೆ ಅದರ ಆದಾಯವನ್ನೂ ಕೊಟ್ಟಿತು. ನಮಗೆ ಬೇಕಾದದ್ದು ಅದೇ.

ಆದರೆ ಅಧಿಕಾರ ಊರಿಗೆ ಇಳಿದ ಮಾತ್ರಕ್ಕೆ ಎಲ್ಲರ ಕೈಗೂ ಸಿಗುವುದಿಲ್ಲ. ತೂಬಿನ ಹತ್ತಿರ ಹೊಲವಿರುವವರೇ ಗ್ರಾಮಸಭೆಯ ಮುಂದಿನ ಸಾಲಿನಲ್ಲಿರುತ್ತಾರೆ. ಮೀನು ಹರಾಜಿನ ಲೆಕ್ಕ ಓದುವಾಗ ದಲಿತ ಕೇರಿಯ ಹೆಂಗಸರು ಬಾಗಿಲ ಹೊರಗೆ ನಿಂತಿರುತ್ತಾರೆ. ಮುಂದಿನ ಸಭೆಯನ್ನು ಅವರ ಕೇರಿಯಲ್ಲೇ ನಡೆಸಬೇಕೆಂದು ಬರೆದು ಕೊಟ್ಟಿದ್ದೇನೆ.