ಬರೆದುಕೊಂಡು ಬಾರದ ಮಾತು

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಕಡೆ ತಾಳಮದ್ದಲೆಯ ಕಾಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಓದುವಾಗ ನನಗೆ ಈ ಹುಚ್ಚು ಹಿಡಿಸಿದವರು ನಮ್ಮ ಕನ್ನಡ ಸರ್. 1971ರಲ್ಲೇ ಯಕ್ಷಗಾನ ಕೇಂದ್ರ ಶುರು ಮಾಡಿದ ಕಾಲೇಜು ಅಲ್ವಾ, ಆ ಗಾಳಿ ಎಲ್ಲರಿಗೂ ಸ್ವಲ್ಪ ತಾಗುತ್ತಿತ್ತು. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತಾಡಬೇಕು. ಪದ್ಯ ಪ್ರಸಂಗದ್ದು, ಅಂದರೆ ಮೊದಲೇ ಬರೆದಿಟ್ಟ ಕಥೆಯದ್ದು. ಮಾತು ಪೂರ್ತಿ ಅವನದ್ದೇ, ಅದಕ್ಕೇ ಅರ್ಥ ಅನ್ನುವುದು.

ಆ ವರ್ಷ ವಾಲಿವಧೆ. ನನಗೆ ರಾಮನ ಅರ್ಥ. ಹಾಳೆ ತುಂಬ ಬರೆದು ಬಾಯಿಪಾಠ ಮಾಡಿದ್ದೆ. ಅಭ್ಯಾಸಕ್ಕೆ ಕೂತ ಕೂಡಲೇ ಸರ್ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. "ಇದು ಇದ್ದರೆ ನೀನು ವಾಲಿ ಹೇಳಿದ್ದು ಕೇಳುವುದೇ ಇಲ್ಲ ಮಾರಾಯ್ತಿ. ನಿನ್ನ ಮುಂದಿನ ಸಾಲು ಯಾವುದು ಅಂತಲೇ ಯೋಚಿಸ್ತಾ ಇರ್ತೀಯ."

ವಾಲಿಯಾಗಿದ್ದ ಗೆಳತಿ ಕೇಳಿದಳು: "ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮ. ನನಗೆ ಹೇಳಿದ್ದರೆ ರಾವಣನನ್ನೇ ಕಟ್ಟಿ ತರುತ್ತಿದ್ದೆ. ಒಂದು ಮಾತು ಕೇಳಲಿಕ್ಕೆ ಏನು ಕಷ್ಟ ಇತ್ತು?" ಹಾಳೆಯಲ್ಲಿದ್ದದ್ದು ಬರೀ ಧರ್ಮಶಾಸ್ತ್ರ. ಅವಳ ಮುಖ ನೋಡಿ ನನ್ನ ಬಾಯಿಗೆ ಬಂದದ್ದು ಬೇರೆ. "ಕೇಳಬಹುದಿತ್ತು ವಾಲಿ. ಆದರೆ ಅಷ್ಟರಲ್ಲಿ ಸುಗ್ರೀವನಿಗೆ ಮಾತು ಕೊಟ್ಟಾಗಿತ್ತು. ಮೊದಲು ಬಂದವನು ಅವನು. ಅಳುತ್ತಾ ಬಂದವನೂ ಅವನೇ." ಸರ್ ಏನೂ ಹೇಳಲಿಲ್ಲ. ಭಾಗವತರಿಗೆ ಮುಂದಿನ ಪದ್ಯಕ್ಕೆ ಸನ್ನೆ ಮಾಡಿದರು.

ಹಾಗಂತ ಬಾಯಿಗೆ ಬಂದದ್ದೆಲ್ಲ ಹೇಳುವ ಹಾಗಿಲ್ಲ. ರಾಮ ರಾವಣನ ಹಾಗೆ ಮಾತಾಡಬಾರದು, ಪದ್ಯದ ದಾರಿ ತಪ್ಪಬಾರದು. ಆ ಕಟ್ಟು ಯಾವತ್ತೂ ನನಗೆ ತೊಂದರೆ ಕೊಡಲಿಲ್ಲ. ಕಟ್ಟಿಹಾಕುತ್ತಿದ್ದದ್ದು ಚಪ್ಪಾಳೆ ಬೀಳಬೇಕು, ಜನ ಏನು ಹೇಳುತ್ತಾರೋ ಎನ್ನುವ ಹೆದರಿಕೆ. ಅದು ಹೋದರೆ ಕಿವಿ ತೆರೆಯುತ್ತದೆ. ಎದುರಿನವರ ಮಾತಿನಿಂದಲೇ ನಮ್ಮ ಮಾತು ಹುಟ್ಟುತ್ತದೆ.

ಕೋಟದ ಶಿವರಾಮ ಕಾರಂತರಿಗೆ ಆ ಹೆದರಿಕೆ ಇರಲಿಲ್ಲ. ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದರು. ಮಾತನ್ನೇ ತೆಗೆದು ಬ್ಯಾಲೆ ಮಾಡಿದರು. ಮಾತನ್ನು ಪ್ರೀತಿಸುವ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಆ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಕಾದಂಬರಿ ಬರೆದ ಕೈಯಲ್ಲೇ ಮಕ್ಕಳಿಗೆ ವಿಜ್ಞಾನ ಬರೆದರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಕೊಟ್ಟರು. ಇವೆಲ್ಲ ಒಂದೇ ಬೇರಿನಿಂದ ಬಂದವು ಅಂತ ನನ್ನ ನಂಬಿಕೆ.

ಈಗ ನಾನು ಮಂಗಳೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಮೊನ್ನೆ ಪಾಠದ ನಡುವೆ ಒಬ್ಬಳು ಎದ್ದು, "ಸೊನ್ನೆಯಿಂದ ಯಾಕೆ ಭಾಗಿಸಬಾರದು ಟೀಚರ್?" ಅಂದಳು. ನಿಯಮ ಹೇಳಿ ಕೂರಿಸಬಹುದಿತ್ತು. ಪಾಠದ ಟಿಪ್ಪಣಿ ಮುಚ್ಚಿಟ್ಟೆ. "ಹನ್ನೆರಡು ಚಕ್ಕುಲಿ ಇದೆ. ಒಂದು ಸಲಕ್ಕೆ ಮೂರು ತೆಗೆದರೆ ನಾಲ್ಕು ಸಲಕ್ಕೆ ಡಬ್ಬ ಖಾಲಿ. ಒಂದು ಸಲಕ್ಕೆ ಸೊನ್ನೆ ತೆಗೆದರೆ?" ಸ್ವಲ್ಪ ಹೊತ್ತು ಯೋಚಿಸಿದಳು. "ಯಾವತ್ತೂ ಖಾಲಿ ಆಗಲ್ಲ ಟೀಚರ್!" ಹಿಂದಿನ ಬೆಂಚಿನವನಿಗೂ ತಡೆಯಲಿಲ್ಲ: "ಹಾಗಾದರೆ ಡಬ್ಬದಲ್ಲಿ ಮೊದಲೇ ಏನೂ ಇಲ್ಲದಿದ್ದರೆ?" ಆ ಪ್ರಶ್ನೆ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ಉಳಿದ ಪೀರಿಯಡ್ ಪೂರ್ತಿ ಅದರಲ್ಲೇ ಹೋಯಿತು.

ಈಗ ತಾಳಮದ್ದಲೆ ಸ್ಪರ್ಧೆಗಳಿಗೆ ಅರ್ಥವನ್ನು ಪೂರ್ತಿ ಬರೆದು ಕೊಡುವುದು ಜಾಸ್ತಿಯಾಗಿದೆ. ಚಿಕ್ಕ ಮಕ್ಕಳಿಗೆ ಅದು ಬೇಕು. ಕಾಲೇಜಿನವರಿಗೆ ಬೇಡ. ಕಾಲೇಜಿನವರೇ, ಈ ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಕೂಟವನ್ನಾದರೂ ಹಾಳೆಯಿಲ್ಲದೆ ಮಾಡಿ. ನಾನು ಮಂಗಳೂರಿನಿಂದ ಬಂದು ಕೇಳುತ್ತೇನೆ.