ಅರಮನೆ ದೀಪ, ಕೆಆರ್‌ಎಸ್ ಕಾರಂಜಿ: ಎರಡಕ್ಕೆ ಎರಡು ಸಂಜೆ ಇಟ್ಟುಕೊಳ್ಳಿ

ಮೈಸೂರಿಗೆ ಒಂದೇ ದಿನದ ಮಟ್ಟಿಗೆ ಬಂದು ಅರಮನೆಯ ದೀಪಾಲಂಕಾರವನ್ನೂ ಕೆಆರ್‌ಎಸ್ ಅಣೆಕಟ್ಟೆಯ ಬಳಿಯ ಬೃಂದಾವನ ಉದ್ಯಾನದ ಸಂಗೀತ ಕಾರಂಜಿಯನ್ನೂ ನೋಡಿಬಿಡೋಣ ಎಂದುಕೊಂಡವರು ಆ ಯೋಚನೆ ಬಿಡುವುದು ಒಳ್ಳೆಯದು. ಎರಡೂ ನಡೆಯುವುದು ಸಂಜೆ ಏಳರ ಆಸುಪಾಸಿನಲ್ಲೇ, ನಡುವೆ ಸುಮಾರು 20 ಕಿಲೋಮೀಟರ್ ದಾರಿ. ಭಾನುವಾರ ಅರಮನೆ, ಸೋಮವಾರ ಕೆಆರ್‌ಎಸ್ ಎಂದು ಇಟ್ಟುಕೊಂಡರೆ ಧಾವಂತವಿಲ್ಲ.

ಅರಮನೆಯ ಒಳಗಿನ ವೀಕ್ಷಣೆ ಸಂಜೆ 5.30ಕ್ಕೆ ಮುಗಿಯುತ್ತದೆ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು 7ಕ್ಕೆ ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಆ ಒಂದು ಕ್ಷಣಕ್ಕಾಗಿಯೇ 6.30ಕ್ಕೆ ಅಂಗಳದಲ್ಲಿರಬೇಕು. ಕಮಾನಿನ ಅಂಚು, ಕಂಬದ ಮೈ, ಗುಮ್ಮಟದ ಏಣುಗಳ ಮೇಲೆ ಬಲ್ಬುಗಳು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಹಗಲಲ್ಲಿ ಕಲ್ಲಿನ ಬಣ್ಣದಲ್ಲಿ ಕರಗಿಹೋಗಿದ್ದ ರೇಖೆಗಳೆಲ್ಲ ಆಗ ಎದ್ದು ಬರುತ್ತವೆ. ಉಳಿದ ದಿನಗಳಲ್ಲಿ ಧ್ವನಿ-ಬೆಳಕು ಕಾರ್ಯಕ್ರಮವಿದ್ದು, ಕೊನೆಗೆ ಸ್ವಲ್ಪ ಹೊತ್ತು ಮಾತ್ರ ಪೂರ್ತಿ ದೀಪ ಉರಿಯುತ್ತದೆ. ಅಂದಿನ ನಿರೂಪಣೆ ಯಾವ ಭಾಷೆಯಲ್ಲಿ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ.

ಫೋಟೊ ಮುಖ್ಯ ಎನ್ನುವವರಿಗೆ ತಿಂಗಳೂ ಮುಖ್ಯ. ನವೆಂಬರಿನಲ್ಲಿ ಆರಕ್ಕೂ ಮೊದಲೇ ಸೂರ್ಯ ಮುಳುಗುವುದರಿಂದ ಏಳಕ್ಕೆ ಆಕಾಶ ಕಡುಗಪ್ಪು. ಮೇ ತಿಂಗಳಲ್ಲಿ ಮುಳುಗುವುದೇ 6.40ರ ಹೊತ್ತಿಗೆ, ದೀಪ ಹತ್ತಿದಾಗ ಹಿಂದಿನ ಬಾನು ಇನ್ನೂ ಗಾಢ ನೀಲಿ. ಆ ನೀಲಿ ಉಳಿಯುವುದು ಹತ್ತು-ಹದಿನೈದು ನಿಮಿಷ, ಸೆಲ್ಫಿ ಆಮೇಲೆ ಇಟ್ಟುಕೊಳ್ಳಿ. ಕತ್ತಲನ್ನು ನೋಡಿ ಫೋನ್ ತಾನಾಗಿಯೇ ಬೆಳಕು ಏರಿಸುತ್ತದೆ, ಬಲ್ಬುಗಳೆಲ್ಲ ಬಿಳಿ ಮುದ್ದೆಯಾಗುತ್ತವೆ. ದೀಪದ ಸಾಲಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಬ್ರೈಟ್‌ನೆಸ್ ಕೆಳಗೆಳೆಯಿರಿ. ಟ್ರೈಪಾಡ್ ಬಿಡುತ್ತಾರೆಂದು ನಂಬಿಕೊಂಡು ಬರಬೇಡಿ.

ಬೃಂದಾವನದಲ್ಲಿ ಎಡವುವುದು ನಡಿಗೆಯ ಲೆಕ್ಕದಲ್ಲಿ. ಗೇಟು ದಾಟಿದ ಮೇಲೆ ಉದ್ಯಾನವನ್ನೆಲ್ಲ ಹಾದು, ನೀರಿನ ಆಚೆ ದಡಕ್ಕೆ ಹೋದರೆ ಸಂಗೀತ ಕಾರಂಜಿ. ವಯಸ್ಸಾದವರೂ ಮಕ್ಕಳೂ ಜೊತೆಗಿದ್ದರೆ ಒಂದು ಗಂಟೆ ಮೊದಲೇ ಒಳಗಿರಿ. ತೀರಾ ಹಿಂದೆ ಕೂರಬೇಡಿ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಸ್ಪೀಕರಿನಿಂದ ನೂರೆಪ್ಪತ್ತು ಮೀಟರ್ ದೂರವಿದ್ದರೆ ಹಾಡು ಅರ್ಧ ಸೆಕೆಂಡು ತಡವಾಗಿ ಕಿವಿಗೆ ಬಿದ್ದು, ನೀರಿನ ಕುಣಿತಕ್ಕೂ ತಾಳಕ್ಕೂ ಹೊಂದಿಕೆ ತಪ್ಪುತ್ತದೆ. ಮುಂದಿನ ಸಾಲೂ ಬೇಡ. ಗಾಳಿ ತಿರುಗಿದರೆ ತುಂತುರು ನೇರ ಲೆನ್ಸಿಗೇ ಬಡಿಯುತ್ತದೆ. ವಿಡಿಯೊದಲ್ಲಿ ಅಡ್ಡಪಟ್ಟಿ ಓಡುತ್ತಿದ್ದರೆ ಶಟರ್ ವೇಗವನ್ನು 1/50ಕ್ಕೆ ಇಟ್ಟು ನೋಡಿ.

ಹೊರಡುವ ಮುನ್ನ ಉದ್ಯಾನ ತೆರೆದಿದೆಯೇ ಎಂದು ವಿಚಾರಿಸಿ. 2022ರಲ್ಲಿ ಚಿರತೆ ಕಾಣಿಸಿಕೊಂಡು ದಿನಗಟ್ಟಲೆ ಮುಚ್ಚಿದ್ದುಂಟು. ಬಸ್ಸಿನಲ್ಲಿ ಬರುವವರು ಹೋಗುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಸಮಯ ಕೇಳಿಟ್ಟುಕೊಳ್ಳಿ. ಕಾರಂಜಿ ನಿಂತ ತಕ್ಷಣ ಜನವೆಲ್ಲ ಒಟ್ಟಿಗೇ ಗೇಟಿನ ಕಡೆ ಬರುತ್ತದೆ, ಆಗ ಸೀಟು ಸಿಗುವುದು ಕಷ್ಟ.